ನವೆಂಬರ್ 2ಕ್ಕೆ ಅವನ ಹೆಸರನ್ನೂ ಓದಿ: ಕರ್ನಾಟಕದ ಕಥೋಲಿಕ ಗುರುಗಳಿಗೂ ವಿಶ್ವಾಸಿಗಳಿಗೂ ಒಂದು ಬಹಿರಂಗ ಪತ್ರ

ಪೂಜ್ಯ ಧರ್ಮಾಧ್ಯಕ್ಷರೇ, ಸ್ವಾಮಿಗಳೇ, ಸಿಸ್ಟರ್‌ಗಳೇ, ಪಾಲನಾ ಸಮಿತಿಯ ಹಿರಿಯರೇ, ಮತ್ತೆ ಭಾನುವಾರ ಪೂಜೆಗೆ ಲೇಟಾಗಿ ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಳೋ ನನ್ನಂಥ ಎಲ್ಲ ಬಂಧುಗಳೇ,

ಸುತ್ತಿ ಬಳಸಿ ಬರೆಯೋಕೆ ನಂಗೆ ಬರಲ್ಲ. ನನ್ನ ಗೆಳೆಯ ಒಬ್ಬ ತೀರ್ಕೊಂಡ, ತಾನಾಗೇ ಜೀವ ಕಳ್ಕೊಂಡ. ಅವನನ್ನ ನಾವು ಮಣ್ಣು ಮಾಡಿದ ರೀತಿ, ಆಮೇಲೆ ನವೆಂಬರ್ 2ರ ಸಕಲ ಆತ್ಮಗಳ ದಿನ ಆ ವರ್ಷ ಸತ್ತವರ ಹೆಸರೆಲ್ಲ ಓದೋವಾಗ ಅವನೊಬ್ಬನದ್ದು ಮಾತ್ರ ಬಿಟ್ಟ ರೀತಿ, ಇವೆರಡೂ ನಮ್ಮ ಧರ್ಮಸಭೆ ಇವತ್ತು ಏನು ಹೇಳುತ್ತೋ ಅದಕ್ಕೆ ಪೂರ್ತಿ ಉಲ್ಟಾ. ಅದನ್ನ ಹೇಳೋಕೇ ಈ ಪತ್ರ. ಧರ್ಮಸಭೆ ಮೇಲೆ ಸಿಟ್ಟು ಬಂದು ಬಿಟ್ಟು ಹೋದವನು ಬರೀತಿರೋದಲ್ಲ ಇದು, ನಾನು ಈಗಲೂ ಪೂಜೆಗೆ ಹೋಗ್ತೀನಿ, ಹಾಡ್ತೀನಿ, ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ಬಿಡ್ತೀನಿ, ನಮ್ಮನೆ ವಿಷಯ ಅನ್ನೋ ಹಕ್ಕಿನಿಂದ ಬರೀತಿದೀನಿ.

ಅವನ ಹೆಸರು ಇಲ್ಲಿ ಹಾಕಿಲ್ಲ, ಊರಿಂದೂ ಹಾಕಿಲ್ಲ. ಮನೆಯವರು ಕೇಳ್ಕೊಂಡ್ರು, ತಂಗಿ ಮದುವೆ ಮಾತುಕತೆ ನಡೀತಿದೆ, ಬೇಡಪ್ಪ ಅಂತ. ಸತ್ತ ಮಗನ ಹೆಸರನ್ನ ಹೊರಗೆ ಹೇಳಬೇಡಿ ಅಂತ ಒಬ್ಬ ತಾಯಿ ಕೈಮುಗಿದು ಕೇಳೋ ಪರಿಸ್ಥಿತಿ ತಂದಿಟ್ಟವರು ಯಾರು, ಸ್ವಲ್ಪ ಯೋಚನೆ ಮಾಡಿ.

ಅವನದ್ದು ವೈರಿಂಗ್ ಕೆಲಸ. ಹೊಸ ಮನೆಗಳಲ್ಲಿ ಗೋಡೆ ಕೊರೆದು ಪೈಪ್ ಹಾಕೋದು, ಬೋರ್ಡ್ ಕೂರ್ಸೋದು, ಬೀದಿಯ ಅಜ್ಜಿಯರ ಮಿಕ್ಸಿ ಸರಿ ಮಾಡಿಕೊಡೋದು, ಅದಕ್ಕೆ ಕಾಸು ಇಸ್ಕೊಳದೆ ಕಾಫಿ ಕುಡ್ಕೊಂಡು ಬರೋದು. ದೇವಾಲಯದ ಗಾನವೃಂದದಲ್ಲಿ ತಬಲಾ. ಯಾವ ಮೇಷ್ಟ್ರ ಹತ್ರನೂ ಕಲಿತಿದ್ದಲ್ಲ, ಚಿಕ್ಕವನಿದ್ದಾಗ ಪಕ್ಕದ ಬೀದಿ ರಾಮಮಂದಿರದ ಭಜನೇಲಿ ಕೂತು ನೋಡಿ ನೋಡಿ ಬಂದಿದ್ದು, ಅದಕ್ಕೇ ಕಾಣಿಕೆ ಹಾಡಿಗೆ ಅವನು ಹಾಕ್ತಿದ್ದ ಠೇಕಾದಲ್ಲಿ ಸ್ವಲ್ಪ ಭಜನೆ ವಾಸನೆ ಇರ್ತಿತ್ತು, ಕೆಲವು ಹಿರಿಯರಿಗೆ ಅದು ಹಿಡಿಸ್ತಿರಲಿಲ್ಲ, ನಮಗಂತೂ ಪ್ರಾಣ. ಮತ್ತೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೇನ ಬೊಂಬೆ ಇಟ್ಟು ಮಾಡ್ತೀವಲ್ಲ ಅದು. ಕ್ರಿಸ್ಮಸ್ ಗೋದಲಿ ಅಂದ್ರೆ ಅವನೇ. ಡಿಸೆಂಬರ್ 10ರ ಹೊತ್ತಿಗೆಲ್ಲಾ ತೆಂಗಿನ ಚಿಪ್ಪು, ಐಸ್‌ಕ್ರೀಮ್ ಕಪ್ಪುಗಳಿಗೆ ಮಣ್ಣು ತುಂಬಿ ರಾಗಿ ಚೆಲ್ಲೋನು, ಹಬ್ಬಕ್ಕೆ ಸರಿಯಾಗಿ ಹಸಿರು ಎದ್ದು ನಿಲ್ತಿತ್ತು. ಗೋಣಿಚೀಲನ ಸಿಮೆಂಟ್ ನೀರಲ್ಲಿ ಅದ್ದಿ ಒಣಗಿಸಿ ಗವಿ ಮಾಡೋನು, ಮೀನಿನ ತೊಟ್ಟಿ ಮೋಟಾರ್ ಒಳಗಿಟ್ಟು ಒಂದು ಝರಿ. ಬೇರೆ ಕಡೆ ಕುರಿ, ಒಂಟೆ, ಕುರಿಗಾಹಿಗಳು, ಜ್ಞಾನಿಗಳು ಎಲ್ಲರನ್ನೂ ಒಂದೇ ದಿನ ತಂದು ಗುಡ್ಡೆ ಹಾಕಿಬಿಡ್ತಾರೆ, ಇವನು ಹಾಗಲ್ಲ. ಮೂವರು ಜ್ಞಾನಿಗಳನ್ನ ದೇವಾಲಯದ ಬಾಗಿಲ ಹತ್ರ ಕಿಟಕಿ ಕಟ್ಟೆ ಮೇಲಿಟ್ಟು ದಿನಾ ಸಾಯಂಕಾಲ ಬಂದು ಒಂದಿಷ್ಟು ಮುಂದಕ್ಕೆ ಸರಿಸೋನು, ಜನವರಿ 6ಕ್ಕೆ ಅವರು ಗೋದಲಿ ಮುಟ್ಟಬೇಕು. ಯಾರೂ ಗಮನಿಸ್ತಿರಲಿಲ್ಲ, ಉಪದೇಶ ತರಗತಿಗೆ ಬರೋ ಮಕ್ಕಳನ್ನ ಬಿಟ್ರೆ.

ಕಾಯಿಲೆ ಶುರುವಾಗಿ ಕೆಲವು ವರ್ಷ ಆಗಿತ್ತು. ಡಿಪ್ರೆಶನ್ ಅಂತ ಡಾಕ್ಟ್ರು ಹೇಳಿದ್ರು, ಮಾತ್ರೆ ತಗೋತಿದ್ದ, ಬೆಂಗಳೂರಿಗೆ ಹೋಗಿ ತೋರಿಸ್ಕೊಂಡೂ ಬರ್ತಿದ್ದ, ಕೆಲವು ತಿಂಗಳು ಚೆನ್ನಾಗಿರೋನು, ಮತ್ತೆ ಕುಸಿಯೋನು. ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಪುಣ್ಯಾತ್ಮರು ‘ನಿಂಗೆ ವಿಶ್ವಾಸ ಕಮ್ಮಿ, ಮಾತ್ರೆ ಬಿಡು, ಜಪಸರ ಹಿಡಿ’ ಅಂದ್ರಂತೆ. ಹಾಗಂದವರು ಬಿ.ಪಿ. ಮಾತ್ರೆ ನುಂಗೇ ಕೂಟಕ್ಕೆ ಬಂದಿರ್ತಾರೆ, ಅದು ಬೇರೆ ಮಾತು. ಜಪಸರ ಅವನ ಕೈಯಲ್ಲಿ ಯಾವಾಗ್ಲೂ ಇತ್ತು, ಟೂಲ್ ಬ್ಯಾಗಲ್ಲಿ ಟೆಸ್ಟರ್ ಪಕ್ಕ ಒಂದು, ಜೇಬಲ್ಲಿ ಒಂದು. ಒಂದ್ಸಲ ಪೂಜೆ ಮುಗಿಸ್ಕೊಂಡು ಬರೋವಾಗ ಕೇಳಿದ್ದ: ಲೋ, ಸತ್ಪ್ರಸಾದಕ್ಕೆ ಹೋಗೋಕ್ ಮುಂಚೆ ‘ಪ್ರಭುವೇ ನಾನು ಯೋಗ್ಯನಲ್ಲ, ನೀವು ಒಂದು ಮಾತು ಹೇಳಿದ್ರೆ ಸಾಕು, ವಾಸಿಯಾಗ್ತೀನಿ’ ಅಂತೀವಲ್ಲ, ಅದನ್ನ ಮೊದಲು ಹೇಳಿದ್ದು ರೋಮನ್ನರ ಮಿಲಿಟ್ರಿ ಆಫೀಸರ್ ಅಲ್ವಾ, ಅವನು ನಮ್ಮ ಪೈಕಿಯೋನೇ ಅಲ್ಲ, ಆದ್ರೂ ಕೇಳಿದ ಕೂಡ್ಲೇ ಸಿಕ್ತು ನೋಡು, ನಂಗೆ ಆ ಮಾತು ಯಾವಾಗ್ ಬರುತ್ತೋ. ನಗ್ತಾನೇ ಹೇಳಿದ್ದ. ವಿಶ್ವಾಸ ಕಮ್ಮಿ ಇರೋನು ಹೀಗೆ ಕಾಯ್ಕೊಂಡು ಕೂರಲ್ಲ ಸ್ವಾಮಿ.

ಸತ್ತ ದಿನದ ವಿವರಕ್ಕೆ ನಾನು ಹೋಗಲ್ಲ, ಬೇಕಾಗೂ ಇಲ್ಲ. ಪೊಲೀಸರು ಯುಡಿಆರ್, ಅಂದ್ರೆ ಅಸಹಜ ಸಾವು ಅಂತ ಕೇಸು, ಮಾಡಿ, ಪೋಸ್ಟ್‌ಮಾರ್ಟಮ್ ಮುಗಿದು ಬಾಡಿ ಕೈಗೆ ಸಿಗೋ ಹೊತ್ತಿಗೆ ಸಾಯಂಕಾಲ. ಅಷ್ಟರಲ್ಲಿ ಊರಲ್ಲಿ ‘ಹಿರಿಯರು’ ತೀರ್ಮಾನ ಮಾಡಿ ಆಗಿತ್ತು. ಸಾವಿನ ಗಂಟೆ ಹೊಡೀಲಿಲ್ಲ. ಪೆಟ್ಟಿಗೆನ ದೇವಾಲಯದ ಒಳಗೆ ತಗೊಂಡು ಹೋಗ್ಲಿಲ್ಲ, ಆದ್ರಿಂದ ಪೂಜೆ ಇಲ್ಲ, ಪಾಸ್ಕ (ಈಸ್ಟರ್) ಮೇಣದಬತ್ತಿ ಇಲ್ಲ. ನೇರ ಸಮಾಧಿಗೆ. ಗಾನವೃಂದದವರು ಬಂದಿದ್ವಿ, ಹಾಡ್ಬೇಡಿ ಅಂದ್ರು. ಅಷ್ಟು ವರ್ಷ ಊರಲ್ಲಿ ಯಾರೇ ಸತ್ರೂ ತಬಲಾ ಹೊತ್ಕೊಂಡು ಬರ್ತಿದ್ದವನಿಗೆ ಒಂದು ಹಾಡಿಲ್ಲ. ಕಾಂಪೌಂಡ್ ಮೂಲೇಲಿ ಜಾಗ, ತೀರ್ಥ ಚಿಮುಕಿಸಿ ಒಂದು ಪರಲೋಕ ಮಂತ್ರ, ಮಣ್ಣು. ನನ್ನ ಹಿಂದೆ ನಿಂತಿದ್ದವರೊಬ್ರು ಮೆಲ್ಲಗೆ ‘ಯೂದನ ಸಾವು’ ಅಂದಿದ್ದು ಕಿವಿಗೆ ಬಿತ್ತು, ಯೇಸುವನ್ನ ಹಿಡಿದುಕೊಟ್ಟು ಆಮೇಲೆ ತಾನೇ ಜೀವ ಕಳ್ಕೊಂಡನಲ್ಲ ಆ ಯೂದ.

ನಮ್ಮ ಸ್ವಾಮಿಗಳು ಕೆಟ್ಟವರಲ್ಲ. ಹಿರಿಯರ ಜೊತೆ ಯಾಕೆ ನಿಷ್ಠುರ ಅಂತ ಸುಮ್ನಾದ್ರು ಅಷ್ಟೇ. ಆದ್ರೆ ಆ ಸುಮ್ನಿರೋದಕ್ಕೆ ‘ಧರ್ಮಸಭೆಯ ಕಾನೂನು’ ಅನ್ನೋ ಹೆಸರು ಕೊಟ್ರು ನೋಡಿ, ಅಲ್ಲೇ ನನ್ನ ತಕರಾರು. ಯಾವ ಕಾನೂನು ಅಂತ ಹುಡುಕೋಕೆ ಕೂತೆ.

ಹಳೇದು ಬೇಕಾದಷ್ಟಿದೆ. ಸಂತ ಅಗಸ್ಟೀನರ ಕಾಲದಿಂದ ಆತ್ಮಹತ್ಯೆ ಅಂದ್ರೆ ‘ಕೊಲೆ ಮಾಡಬೇಡ’ ಅನ್ನೋ ಐದನೇ ಆಜ್ಞೆಯ ಉಲ್ಲಂಘನೆ ಅಂತಲೇ ಬೋಧನೆ. ಆರನೇ ಶತಮಾನದಲ್ಲಿ, ಈಗಿನ ಪೋರ್ಚುಗಲ್‌ನ ಬ್ರಾಗಾ ಅನ್ನೋ ಊರಲ್ಲಿ ಧರ್ಮಾಧ್ಯಕ್ಷರು ಸಭೆ ಸೇರಿ, ಹೀಗೆ ಸತ್ತವರನ್ನ ಬಲಿಪೂಜೆಯ ಅರ್ಪಣೇಲಿ ನೆನೆಯಬಾರದು, ಕೀರ್ತನೆ ಹಾಡ್ಕೊಂಡು ಸಮಾಧಿಗೆ ಒಯ್ಯಬಾರದು ಅಂತ ನಿಯಮ ಮಾಡಿದ್ರು. ಓದ್ತಾ ಓದ್ತಾ ಮೈ ಜುಂ ಅಂತು. ನೆನೆಯಬಾರದು, ಹಾಡಬಾರದು. ನಮ್ಮೂರಿನ ಹಿರಿಯರಲ್ಲಿ ಒಬ್ರೂ ಬ್ರಾಗಾ ಅನ್ನೋ ಹೆಸರು ಕೇಳಿರಲ್ಲ, ಆದ್ರೂ ಹದಿನಾಲ್ಕು ಶತಮಾನದ ಹಿಂದಿನ ಆ ಎರಡು ಮಾತನ್ನ ಚಾಚೂ ತಪ್ಪದೆ ನಡೆಸ್ಕೊಟ್ಟಿದ್ರು. 1917ರ ಕ್ಯಾನನ್ ಕಾನೂನು ಅನ್ನೋ ಧರ್ಮಸಭೆಯ ಕಾನೂನು ಪುಸ್ತಕದಲ್ಲೂ, 1240ನೇ ನಿಯಮ, ಬುದ್ಧಿಪೂರ್ವಕವಾಗಿ ಜೀವ ತೆಕ್ಕೊಂಡವರಿಗೆ ಧರ್ಮಸಭೆಯ ಸಮಾಧಿ ಸಂಸ್ಕಾರ ಇಲ್ಲ ಅಂತಿತ್ತು. ಅಲ್ಲೂ ‘ಬುದ್ಧಿಪೂರ್ವಕವಾಗಿ’ ಅನ್ನೋ ಮಾತಿದೆ ನೋಡಿ, ಮನಸ್ಸು ಕಾಯಿಲೆ ಬಿದ್ದವರ ಲೆಕ್ಕ ಬೇರೆ ಅಂತ ಆಗಲೇ ಗೊತ್ತಿತ್ತು.

1983ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಹೊಸ ಕಾನೂನು ಹೊರಡಿಸಿದ್ರಲ್ಲ, ಸಂಸ್ಕಾರ ಯಾರಿಗೆ ಕೊಡಬಾರದು ಅನ್ನೋ ಪಟ್ಟಿ ಅದರಲ್ಲಿ 1184ನೇ ನಿಯಮ. ಆ ಪಟ್ಟೀಲಿ ಆತ್ಮಹತ್ಯೆ ಮಾಡ್ಕೊಂಡವರು ಇಲ್ಲ. ತೆಗೆದು ಹಾಕಿದ್ದಾರೆ. ನಲವತ್ತು ವರ್ಷ ದಾಟ್ತು ತೆಗೆದು. 1992ರ ಕಥೋಲಿಕ ಧರ್ಮೋಪದೇಶ ಅನ್ನೋ ಅಧಿಕೃತ ಬೋಧನೆಯ ಪುಸ್ತಕ ಇನ್ನೂ ಮುಂದೆ ಹೋಗುತ್ತೆ. ಆತ್ಮಹತ್ಯೆ ತಪ್ಪು ಅಂತ ಅದೂ ಹೇಳುತ್ತೆ, ಜೀವ ದೇವರು ಕೊಟ್ಟಿದ್ದು, ನಾವು ಅದರ ಮಾಲೀಕರಲ್ಲ ಅಂತ, ಅದನ್ನ ನಾನೂ ಒಪ್ತೀನಿ. ಆದ್ರೆ 2282ನೇ ಪ್ಯಾರಾದಲ್ಲಿ, ತೀವ್ರ ಮಾನಸಿಕ ತೊಂದರೆ, ಸಂಕಟ, ಭಯ ಇದ್ದಾಗ ಆ ಮನುಷ್ಯನ ಹೊಣೆ ಕಡಿಮೆಯಾಗಬಹುದು ಅಂತ ಇದೆ. 2283ನೇ ಪ್ಯಾರಾದಲ್ಲಿ, ಹೀಗೆ ಸತ್ತವರ ನಿತ್ಯರಕ್ಷಣೆ ಬಗ್ಗೆ ನಾವು ನಿರಾಶರಾಗಬಾರದು, ದೇವರು ತನಗೊಬ್ಬನಿಗೇ ಗೊತ್ತಿರೋ ದಾರೀಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಮಾಡಿಕೊಡಬಲ್ಲ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತೆ ಅಂತ ಇದೆ. ಪ್ರಾರ್ಥಿಸಬಹುದು ಅಂತ ಅಲ್ಲ. ಪ್ರಾರ್ಥಿಸುತ್ತೆ. ಹಾಗಾದ್ರೆ ಪ್ರಾರ್ಥಿಸದೇ ಇದ್ದವರು ಯಾರು?

ಯೂದನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆ ಮಾತು ಇನ್ನೂ ಕಿವೀಲಿದೆ. ನಮ್ಮ ಧರ್ಮಸಭೆ ಎಷ್ಟೋ ಸಾವಿರ ಜನರನ್ನ ಹೆಸರು ಹಿಡಿದು ಸಂತರು ಅಂತ ಘೋಷಿಸಿದೆ, ಇಂಥವರು ಸ್ವರ್ಗದಲ್ಲಿದ್ದಾರೆ ಅಂತ. ಇಂಥವನು ನರಕದಲ್ಲಿದ್ದಾನೆ ಅಂತ ಇವತ್ತಿನವರೆಗೂ ಒಬ್ಬನ ಹೆಸರನ್ನೂ ಅಧಿಕೃತವಾಗಿ ಹೇಳಿಲ್ಲ, ಯೂದನನ್ನೂ ಸೇರಿಸಿ. ಧರ್ಮಸಭೆಗೇ ಇಲ್ಲದ ಧೈರ್ಯ ನಮ್ಮೂರ ಸಮಾಧಿ ಕಾಂಪೌಂಡಲ್ಲಿ ಕೆಲವರಿಗಿದೆ. ಫ್ರಾನ್ಸ್ ದೇಶದ ವೆಜೆಲೆ ಅನ್ನೋ ಊರಲ್ಲಿ ಮಗ್ದಲದ ಮರಿಯಳ ಹೆಸರಿನ ಹಳೇ ಮಹಾದೇವಾಲಯ ಇದೆ, ಹನ್ನೆರಡನೇ ಶತಮಾನದ್ದು. ಅಲ್ಲಿ ಒಂದು ಕಂಬದ ತಲೆ ಮೇಲೆ ಒಂದು ಕಡೆ ಸತ್ತ ಯೂದ, ಇನ್ನೊಂದು ಕಡೆ ಒಬ್ಬ ಮನುಷ್ಯ ಆ ಹೆಣನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಿರೋ ಕೆತ್ತನೆ. ಅದು ಕುರಿನ ಹೊತ್ಕೊಳೋ ಒಳ್ಳೇ ಕುರುಬ, ಯೇಸುವೇ, ಅಂತ ಪೋಪ್ ಫ್ರಾನ್ಸಿಸ್ ಅರ್ಥ ಮಾಡ್ಕೊಂಡಿದ್ರು, ಹಲವು ಸಲ ಅದರ ಬಗ್ಗೆ ಮಾತಾಡಿದ್ರು. ಅದೇ ಫ್ರಾನ್ಸಿಸ್ 2021ರ ನವೆಂಬರ್ ತಿಂಗಳ ಪ್ರಾರ್ಥನಾ ಉದ್ದೇಶವಾಗಿ ಡಿಪ್ರೆಶನ್‌ನಿಂದ ನರಳೋರನ್ನ ಇಟ್ಟಿದ್ರು. ಲೋಕದ ಕಥೋಲಿಕರೆಲ್ಲ ಅವರಿಗಾಗಿ ಪ್ರಾರ್ಥನೆ ಮಾಡಿ ಅಂತ. ನಮ್ಮ ದೇವಾಲಯದಲ್ಲಿ ಆ ತಿಂಗಳು ಆ ಮಾತು ಬಂದಿದ್ದು ನನಗಂತೂ ನೆನಪಿಲ್ಲ, ಜೀರ್ಣೋದ್ಧಾರದ ಚಂದಾ ವಿಷಯ ಚೆನ್ನಾಗಿ ನೆನಪಿದೆ.

ಮಣ್ಣು ಮಾಡಿ ಒಂದು ವಾರ ಆದ್ಮೇಲೆ ರಿಟೈರ್ ಆಗಿರೋ ವಯಸ್ಸಾದ ಸ್ವಾಮಿಗಳೊಬ್ರು ಅವನ ಮನೆಗೆ ಬಂದ್ರು. ಯಾರು ಹೇಳಿ ಕಳಿಸಿದ್ರೋ ಗೊತ್ತಿಲ್ಲ, ಬಸ್ಸಲ್ಲೇ ಬಂದ್ರು, ಕೊಡೆ ಹಿಡ್ಕೊಂಡು. ಅವರಮ್ಮ ಒಳಗಿಂದ ಬರಲೇ ಇಲ್ಲ, ಬೈಸ್ಕೊಳೋದು ಬಾಕಿ ಇದೆ ಅಂದ್ಕೊಂಡಿರ್ಬೇಕು. ಸ್ವಾಮಿಗಳು ಅಡುಗೆಮನೆ ಬಾಗಿಲಲ್ಲೇ ಮಣೆ ಹಾಕಿಸ್ಕೊಂಡು ಕೂತು, ‘ಅಮ್ಮಾ, ನಿನ್ ಮಗನಿಗೆ ಜಪಸರ ಬರ್ತಿತ್ತಾ?’ ಅಂದ್ರು. ‘ದಿನಾ ಮಾಡೋನು ಸ್ವಾಮಿ’ ಅಂತು ಒಳಗಿಂದ ದನಿ. ‘ಒಂದು ಜಪಸರದಲ್ಲಿ ನಮೋ ಮರಿಯ ಎಷ್ಟು ಸಲ?’ ‘ಐವತ್ತಮೂರು.’ ‘ಪ್ರತಿ ಸಲ ಕೊನೇಲಿ ಏನ್ ಕೇಳ್ತೀವಮ್ಮಾ? ಈಗಲೂ ನಮ್ಮ ಮರಣದ ಹೊತ್ತಲ್ಲೂ ನಮಗಾಗಿ ಪ್ರಾರ್ಥಿಸು ಅಂತ ಅಲ್ವಾ. ನಿನ್ ಮಗ ದಿನಕ್ಕೆ ಐವತ್ತಮೂರು ಸಲ, ಅಷ್ಟು ವರ್ಷ, ಆ ಹೊತ್ತಿಗೆ ಬಾ ಅಂತ ಕರೆದಿದ್ದಾನೆ. ಆ ಮರಿಯ ತಾಯಿ ಆ ಹೊತ್ತಿಗೆ ಬರದೇ ಇದ್ದಾಳಾ?’ ಅಷ್ಟೇ ಹೇಳಿದ್ದು. ಆಯಮ್ಮ ಹೊರಗೆ ಬಂದು ಸ್ವಾಮಿಗಳ ಎದುರು ಕೂತು ಜೋರಾಗಿ ಅತ್ರು. ಮಗ ಸತ್ತ ಮೇಲೆ ಆಯಮ್ಮ ಬಾಯಿಬಿಟ್ಟು ಅತ್ತಿದ್ದು ಅವತ್ತೇ, ಅಲ್ಲಿವರೆಗೆ ಅಳೋಕೂ ಹೆದ್ರಿಕೆ.

ಸಂತ ಜಾನ್ ಮರಿಯ ವಿಯಾನ್ನಿಯವರ ಕಥೆನೂ ಆ ವಯಸ್ಸಾದ ಸ್ವಾಮಿಗಳೇ ಹೇಳಿದ್ದು. ಫ್ರಾನ್ಸಿನ ಆರ್ಸ್ ಅನ್ನೋ ಹಳ್ಳಿಯ ಸ್ವಾಮಿ, 1859ರಲ್ಲಿ ತೀರ್ಕೊಂಡವರು, 1925ರಲ್ಲಿ ಸಂತ ಪದವಿ, ಈಗ ಧರ್ಮಕೇಂದ್ರದ ಗುರುಗಳ ಪಾಲಕ ಸಂತ ಅವರೇ, ಆಗಸ್ಟ್ 4ಕ್ಕೆ ಹಬ್ಬ ಮಾಡಿ ಸ್ವಾಮಿಗಳಿಗೆ ಹಾರ ಹಾಕ್ತೀವಲ್ಲ ಅದೇ. ಗಂಡ ಆತ್ಮಹತ್ಯೆ ಮಾಡ್ಕೊಂಡಿದ್ದ ಒಬ್ಬ ಹೆಂಗಸು ನರಕಕ್ಕೆ ಹೋದನೇನೋ ಅಂತ ಕೊರಗ್ತಾ ಬಂದಾಗ, ಆಕೆ ಬಾಯಿ ಬಿಡೋ ಮುಂಚೇನೇ ಅವರು, ಅವನು ಉಳ್ಕೊಂಡಿದ್ದಾನೆ, ಸೇತುವೆಗೂ ನೀರಿಗೂ ಮಧ್ಯ ಪಶ್ಚಾತ್ತಾಪ ಪಡೋಕೆ ಅವನಿಗೆ ಸಮಯ ಇತ್ತು ಅಂದ್ರಂತೆ. ಬಾಲಯೇಸುವಿನ ಸಂತ ತೆರೇಸಾ ಇದ್ದಾರಲ್ಲ, ಮನೆ ಮನೇಲೂ ಫೋಟೋ ಇರುತ್ತೆ, ಕೈತುಂಬ ಗುಲಾಬಿ ಹಿಡ್ಕೊಂಡು. 1897ರಲ್ಲಿ ಕ್ಷಯದಲ್ಲಿ ಸಾಯೋವಾಗ ಆಕೆಗೆ 24 ವರ್ಷ, ನೋವು ತಡೀಲಾರದೆ, ವಿಶ್ವಾಸ ಒಂದು ಇಲ್ಲದೇ ಹೋಗಿದ್ರೆ ನಾನು ಒಂದು ಕ್ಷಣನೂ ಯೋಚಿಸದೆ ಜೀವ ತೆಕ್ಕೊಳ್ತಿದ್ದೆ ಅಂತ ಅಕ್ಕನ ಹತ್ರ ಹೇಳ್ಕೊಂಡಿದ್ರು. ಅಷ್ಟು ದೊಡ್ಡ ಸಂತಳ ತಲೆಗೇ ಆ ಯೋಚನೆ ಬಂದಿತ್ತು. ಆಕೆಗೆ ಅಕ್ಕಂದಿರು ಪಕ್ಕದಲ್ಲಿದ್ರು, ಆ ಮಾತನ್ನ ಹೇಳ್ಕೊಳೋಕೆ ಜಾಗ ಇತ್ತು, ಕೇಳಿಸ್ಕೊಂಡವರು ಬೈಲಿಲ್ಲ.

ಇದನ್ನೇ ನಾನು ಹೇಳ್ತಿರೋದು. ಕೆಲವರು ನನ್ನ ಹತ್ರ ವಾದ ಮಾಡಿದ್ರು, ಇಂಥವರಿಗೂ ಪೂರ್ತಿ ಪೂಜೆ, ಹಾಡು, ಗಂಟೆ ಎಲ್ಲ ಮಾಡಿದ್ರೆ ಹುಡುಗರಿಗೆ ಏನು ಸಂದೇಶ ಹೋಗುತ್ತೆ, ತಪ್ಪಲ್ಲ ಅಂದ್ಕೊಳಲ್ವಾ ಅಂತ. ನಾನು ಕೇಳೋದು, ಈಗ ಹೋಗಿರೋ ಸಂದೇಶ ಏನು? ಆವತ್ತು ಸಮಾಧೀಲಿ ಅವನ ಥರಾನೇ ಒದ್ದಾಡ್ತಿರೋ ಇನ್ನೊಬ್ಬ ನಿಂತಿರಲಿಲ್ಲ ಅಂತ ಯಾರು ಹೇಳ್ತಾರೆ. ಅವನಿಗೆ ಕೇಳಿಸಿದ್ದು ‘ಯೂದ’ ಅನ್ನೋ ಮಾತು. ಅವನಿನ್ನು ಪಾಪನಿವೇದನೆಗೆ ಹೋಗಿ ಸ್ವಾಮಿಗಳ ಹತ್ರ ನಂಗೆ ಹಿಂಗಾಗ್ತಿದೆ ಅಂತ ಬಾಯಿ ಬಿಡ್ತಾನಾ? ಅವಮಾನಕ್ಕೆ ಹೆದ್ರಿ ಯಾರ ಕಾಯಿಲೆನೂ ವಾಸಿಯಾಗಲ್ಲ, ಬಾಯಿ ಮುಚ್ಕೊಳುತ್ತೆ ಅಷ್ಟೇ. ಸರ್ಕಾರದ ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ಈ ದೇಶದಲ್ಲಿ 1 ಲಕ್ಷದ 70 ಸಾವಿರಕ್ಕೂ ಹೆಚ್ಚು ಜನ ಹೀಗೆ ಸತ್ತಿದ್ದಾರೆ, ಅದ್ರಲ್ಲಿ ನಾಲ್ಕರಲ್ಲಿ ಒಬ್ರು ದಿನಗೂಲಿಯವರು. ಅಷ್ಟೂ ಜನಕ್ಕೆ ಊರು, ಕೇರಿ, ದೇವಸ್ಥಾನ, ಮಸೀದಿ, ಇಗರ್ಜಿ ಇತ್ತು. ಕಾನೂನು ಕೂಡ ಬದಲಾಯ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಿ ನೋಡ್ಕೊಳಿ, ಶಿಕ್ಷೆ ಕೊಡಬೇಡಿ ಅಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೇಲಿ, ಆತ್ಮಹತ್ಯೆಗೆ ಪ್ರಯತ್ನಪಟ್ಟವರಿಗೆ ಶಿಕ್ಷೆ ಅಂತಿದ್ದ ಹಳೇ 309ನೇ ಸೆಕ್ಷನ್ನೇ ಇಲ್ಲ. ರೋಮ್ ಬಿಟ್ಟಿದ್ದನ್ನ, ದಿಲ್ಲಿ ಬಿಟ್ಟಿದ್ದನ್ನ ನಮ್ಮ ಪಾಲನಾ ಸಮಿತಿಯ ಮೀಟಿಂಗ್ ಬಿಡಲ್ಲ ಅಂದ್ರೆ ಹೆಂಗೆ.

ವಿಶ್ವಾಸ ಪ್ರಕಟಣೇಲಿ ಪ್ರತಿ ಭಾನುವಾರ ನಾವು ಒಂದು ಸಾಲು ಗಡಿಬಿಡೀಲಿ ಹೇಳಿ ದಾಟಿಬಿಡ್ತೀವಿ, ಯೇಸು ಸತ್ತು ಸಮಾಧಿಯಾಗಿ ಪಾತಾಳಕ್ಕೆ ಇಳಿದರು ಅಂತ. ಶುಭಶುಕ್ರವಾರಕ್ಕೂ ಪಾಸ್ಕಕ್ಕೂ ಮಧ್ಯದ ಶನಿವಾರ. ಬಲಿಪೀಠ ಖಾಲಿ, ಗಂಟೆ ಇಲ್ಲ, ರಾತ್ರಿವರೆಗೂ ಪೂಜೆ ಇಲ್ಲ. ಆ ದಿನ ಅವರು ಸತ್ತವರ ಹತ್ರ ಹೋಗಿದ್ರು ಅನ್ನೋದು ನಮ್ಮ ವಿಶ್ವಾಸ. ಚಿಕ್ಕಂದಿನಿಂದ ಹೇಳ್ತಾ ಬಂದಿದ್ರೂ ಈ ಸಾಲಿನ ಮೇಲೆ ನನ್ನ ಗಮನ ಹೋಗಿದ್ದು ಅವನು ಹೋದ ಮೇಲೇ. ಒಬ್ಬ ಮನುಷ್ಯ ಎಷ್ಟೇ ಆಳಕ್ಕೆ ಬಿದ್ರೂ ಅಲ್ಲಿಗೆ ಅವರು ಮೊದಲೇ ಹೋಗಿ ಬಂದಿದ್ದಾರೆ ಅಂತಾದ್ರೆ, ಇವನು ಬಿದ್ದ ಜಾಗ ಅದಕ್ಕಿಂತ ಆಳ ಇರೋಕೆ ಸಾಧ್ಯ ಇಲ್ಲ. ನಾನು ದೇವಶಾಸ್ತ್ರ ಓದಿದವನಲ್ಲ, ತಪ್ಪಿದ್ರೆ ಓದಿದವರು ತಿದ್ದಿ. ನಂಗಂತೂ ರಾತ್ರಿ ನಿದ್ದೆ ಬರೋಕೆ ಇಷ್ಟು ಸಾಕಾಗಿದೆ.

ಈಗ ಕೇಳ್ಕೊಳೋದು. ಧರ್ಮಾಧ್ಯಕ್ಷರು ಒಂದು ಸುತ್ತೋಲೆ ಹೊರಡಿಸಿ, 1983ರಿಂದ ಕಾನೂನು ಏನಿದೆ ಅನ್ನೋದನ್ನ ಸುಲಭ ಕನ್ನಡದಲ್ಲಿ ಬರೆದು, ಪ್ರತಿ ದೇವಾಲಯದಲ್ಲೂ ಪೂಜೆ ಮುಗಿದ ಮೇಲೆ ಓದಿಸಿ, ಚಂದಾ ಸುತ್ತೋಲೆ ಓದಿಸೋ ಥರಾನೇ. ಇಂಥ ಸಾವಾದಾಗ ಪೆಟ್ಟಿಗೆ ಒಳಗೆ ಬರಬೇಕಾ ಬೇಡ್ವಾ ಅನ್ನೋದನ್ನ ಊರ ಹಿರಿಯರ ಕೈಗೆ ಬಿಡಬೇಡಿ. ಸ್ವಾಮಿಗಳೇ, ವರ್ಷಕ್ಕೆ ಒಂದ್ಸಲನಾದ್ರೂ ಪ್ರಬೋಧನೇಲಿ ಡಿಪ್ರೆಶನ್ ಅನ್ನೋ ಮಾತು ಆಡಿ, ಡಾಕ್ಟ್ರ ಹತ್ರ ಹೋಗೋದೂ ಮಾತ್ರೆ ತಗೊಳೋದೂ ವಿಶ್ವಾಸಕ್ಕೆ ವಿರುದ್ಧ ಅಲ್ಲ ಅಂತ ನಿಮ್ಮ ಬಾಯಿಂದ ಬಂದ್ರೆ ನಮ್ಮ ಜನ ಕೇಳ್ತಾರೆ, ನನ್ನ ಬಾಯಿಂದ ಬಂದ್ರೆ ಕೇಳಲ್ಲ. ನೋಟಿಸ್ ಬೋರ್ಡಲ್ಲಿ ಮದುವೆ ಪ್ರಕಟಣೆ ಪಕ್ಕ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಹಾಕಿ, 14416, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಈಗಲೇ ಹಾಗನ್ನಿಸ್ತಿದ್ರೆ ಪತ್ರ ಇಲ್ಲಿಗೇ ಬಿಟ್ಟು ಮೊದಲು ಆ ನಂಬರಿಗೆ ಫೋನ್ ಮಾಡಿ, ಅಥವಾ ಮನೇಲಿ ಪಕ್ಕದ ರೂಮಲ್ಲಿರೋರನ್ನ ಎಬ್ಬಿಸಿ, ತೊಂದರೆ ಆಗುತ್ತೆ ಅಂತ ನೋಡಬೇಡಿ.

ಮತ್ತೆ ಬಂಧುಗಳೇ, ಯಾಕೆ ಮಾಡ್ಕೊಂಡ ಅಂತ ಆ ಮನೆಯವರನ್ನ ಕೇಳೋದು ನಿಲ್ಲಿಸಿ. ಸಾಲ ಇತ್ತಾ, ಹುಡುಗಿ ವಿಷಯನಾ, ಮನೇಲಿ ಜಗಳನಾ ಅಂತ. ಒಂದೇ ಕಾರಣ ಇರಲ್ಲ, ಇದ್ರೂ ನಿಮಗೆ ಯಾಕೆ. ಬದಲಿಗೆ ಅವನು ಬಾರಿಸ್ತಿದ್ದ ತಬಲಾ ಬಗ್ಗೆ ಅವರಮ್ಮನ ಹತ್ರ ಮಾತಾಡಿ, ಆಯಮ್ಮನಿಗೆ ಅದು ಬೇಕಾಗಿದೆ.

ನಮ್ಮ ಸ್ವಾಮಿಗಳಿಗೆ ಕೊನೇದಾಗಿ. ಈ ಸಲ ಅಕ್ಟೋಬರ್ ಕೊನೇಲಿ ಸತ್ತವರ ಹೆಸರಿನ ಚೀಟಿ ತಗೊಳೋಕೆ ಶುರು ಮಾಡಿದಾಗ ಗಾನವೃಂದದವರೆಲ್ಲ ಸೇರಿ ಅವನ ಹೆಸರು ಬರೆದು, ಕಾಣಿಕೆ ಇಟ್ಟು, ನಿಮ್ಮ ಕೈಗೇ ಕೊಡ್ತೀವಿ. ಅವನ ತಾಯಿನೂ ಬರ್ತಾರಂತೆ, ಊರೊಳಗೆ ಓದೋದು ಬೇರೆ, ಹೊರಗೆ ಬರೆಯೋದು ಬೇರೆ ಅಂದ್ರು. ಸಕಲ ಆತ್ಮಗಳ ದಿನದ ಪೂಜೇಲಿ ಮಿಕ್ಕ ಹೆಸರುಗಳ ಜೊತೆ ಮೈಕಲ್ಲಿ ಓದಿ. ಓದೋಕಾಗಲ್ಲ ಅಂದ್ರೆ, ಯಾವ ನಿಯಮದ ಪ್ರಕಾರ ಆಗಲ್ಲ ಅಂತ ನಂಬರ್ ಸಮೇತ ಬರೆದು ಸಹಿ ಹಾಕಿ ಕೊಡಿ, ಅದನ್ನ ತಗೊಂಡು ನಾವು ಧರ್ಮಾಧ್ಯಕ್ಷರ ಮನೆಗೆ ಹೋಗ್ತೀವಿ.

ಇಂತಿ,
ನಿಮ್ಮ ಧರ್ಮಕೇಂದ್ರದ ಗಾನವೃಂದದಲ್ಲಿ ಹಿಂದಿನ ಸಾಲಲ್ಲಿ ನಿಲ್ಲೋ ಒಬ್ಬ